ಎಂಬತ್ತೊಂದು ಎಂದ ದನಿ

ಅಳಿಸಿದ ಗುರುತು ಎಲ್ಲೂ ಇರಲಿಲ್ಲ.

ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡಿದೆ. ಮಗುಚಿ ಬೆನ್ನ ಕಡೆಯಿಂದ ನೋಡಿದೆ. ಬ್ಲೇಡಿನಿಂದ ಕೆರೆದು ಅಂಕಿ ತಿದ್ದಿದ್ದರೆ ಅಷ್ಟು ಜಾಗದಲ್ಲಿ ಕಾಗದದ ನಾರು ಎದ್ದಿರುತ್ತದೆ, ಬೆಳಕು ಜಾಸ್ತಿ ಹಾಯುತ್ತದೆ. ಇಲ್ಲಿ ಕಾಗದ ಒಂದೇ ಸಮ ಇತ್ತು. ಮಸಿಯೂ ಒಂದೇ ಬಣ್ಣ, ಗೆರೆಯೂ ಒಂದೇ ದಪ್ಪ.

“ಸಿಕ್ಕಿದನಾ ಕಳ್ಳ?” ದಾಖಲೆ ಕೋಣೆಯ ಹಿರಿಯರು ಏಣಿಯ ಮೇಲಿಂದಲೇ ಕೇಳಿದರು. ಇನ್ನೆರಡು ತಿಂಗಳಿಗೆ ನಿವೃತ್ತರಾಗುವ ಅವರಿಗೆ ಈ ಕಟ್ಟಡದಲ್ಲಿ ಯಾರ ಭಯವೂ ಉಳಿದಿಲ್ಲ.

“ಇನ್ನೂ ಇಲ್ಲ.”

“ಮೂರು ವಾರದಿಂದ ಹಾಳೆ ಬದಲಾಯಿಸಿದವರು ಯಾರು, ಹಾಳೆ ಬದಲಾಯಿಸಿದವರು ಯಾರು ಅಂತ ನನ್ನ ಜೀವ ತಿಂದಿದ್ದೀರಿ. ಇಲ್ಲಿರೋ ಧೂಳೆಲ್ಲ ನಿಮ್ಮ ಸೀರೆಗೇ ಹೋಯ್ತು. ಒಂದು ಲೆಕ್ಕದಲ್ಲಿ ನಂಗೆ ಉಪಕಾರಾನೇ.”

ನಗಬೇಕೆನಿಸಿತು, ಆಗಲಿಲ್ಲ. ಹಾಳೆಯ ಕೆಳಗಿನ ಬಲಮೂಲೆಯಲ್ಲಿ ‘ತಾಳೆಯಾಗಿದೆ’ ಎಂಬ ಮುದ್ರೆಯ ಕೆಳಗೆ ನನ್ನ ಸಹಿ ಇತ್ತು. ನಕಲಿಯಲ್ಲ. ಕೊನೆಯ ಅಕ್ಷರದ ಹತ್ತಿರ ಪೆನ್ನು ಕೈಕೊಟ್ಟು ಎರಡನೇ ಸಲ ತೀಡಿದ್ದು ನನಗೆ ನೆನಪಿದೆ. ಅದೂ ಹಾಗೇ ಇತ್ತು.

ಅಂದರೆ ಇದನ್ನು ಯಾರೂ ಬದಲಾಯಿಸಿಲ್ಲ. ಎಂಟು ತಿಂಗಳ ಹಿಂದೆ ನಾನು ಸಹಿ ಹಾಕಿದ ಹಾಳೆಯೇ ಇದು.

ಹಾಗಾದರೆ ಇದರಲ್ಲಿ ಮೀಸಲು ಪಟ್ಟಿಯ ಅಗಲ ಹತ್ತು ಮೀಟರ್ ಎಂದು ಯಾಕಿದೆ?

ಆರು ಎಕರೆಯ ಆ ಬಡಾವಣೆಯ ಉದ್ದಕ್ಕೂ ನೆಲದೊಳಗೆ ದೊಡ್ಡ ಅನಿಲ ಕೊಳವೆಯೊಂದು ಹಾದುಹೋಗುತ್ತದೆ. ಅದರ ಮೇಲಿನ ಹದಿನೈದು ಮೀಟರ್ ಅಗಲದ ಪಟ್ಟಿಯಲ್ಲಿ ಯಾರೂ ಒಂದು ಕಲ್ಲು ನೆಡುವಂತಿಲ್ಲ. ಹಾಗೆಯೇ ಎಕರೆಗೆ ಹದಿನಾಲ್ಕಕ್ಕಿಂತ ಹೆಚ್ಚು ಮನೆ ಕಟ್ಟುವಂತಿಲ್ಲ. ಆರು ಎಕರೆಗೆ ಎಂಬತ್ತನಾಲ್ಕು, ಮುಗಿಯಿತು. ಬಡಾವಣೆಯ ನಕ್ಷೆಗಳಲ್ಲಿ ಈ ಎರಡನ್ನು ಪರಿಶೀಲಿಸುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ.

ಈ ಹಾಳೆಯಲ್ಲಿ ಪಟ್ಟಿ ಹತ್ತು ಮೀಟರ್. ಮನೆಗಳು ತೊಂಬತ್ತಮೂರು. ಪಟ್ಟಿಯಿಂದ ಕದ್ದ ಐದು ಮೀಟರಿನ ಮೇಲೆ ಹನ್ನೆರಡು ಮನೆಗಳ ಒಂದು ಸಾಲು ಮಲಗಿತ್ತು. ಆ ಸಾಲಿಗೆ ಅಡಿಪಾಯ ತೋಡುವಾಗಲೇ ಯಂತ್ರದ ಹಲ್ಲು ಕೊಳವೆಗೆ ತಾಗಿ ಬೆಂಕಿ ಎದ್ದದ್ದು. ಯಂತ್ರ ನಡೆಸುತ್ತಿದ್ದವನು ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಇವತ್ತು ನಾಲ್ಕು ಗಂಟೆಗೆ ವಿಚಾರಣಾಧಿಕಾರಿ ಹೇಳಿಕೆಗಳನ್ನು ಮುಗಿಸಿ, ವರದಿಯನ್ನು ಪೊಲೀಸರಿಗೆ ಕಳಿಸುತ್ತಾರೆ. ಈಗಿರುವಂತೆ ಅದರಲ್ಲಿ ಒಂದೇ ಹೆಸರಿದೆ. ನನ್ನದು.

ಗಡಿಯಾರ ನೋಡಿದೆ. ಎರಡೂ ಹತ್ತು.

ಆಗ ಕಣ್ಣಿಗೆ ಬಿದ್ದದ್ದು ಚುಕ್ಕೆಗಳು.

ಪ್ರತಿ ಅಂಕಿಯ ಕೆಳಗೂ ಸೀಸದ ಕಡ್ಡಿಯ ಒಂದು ಚುಕ್ಕೆ. ಅದು ನನಗೆ ಅಂಕಿಗಳನ್ನು ಓದಿ ಹೇಳುವವಳ ಅಭ್ಯಾಸ. ಓದಿದ ಅಂಕಿಯ ಕೆಳಗೆ ಚುಕ್ಕೆ ಇಟ್ಟು ಮುಂದೆ ಹೋಗುವುದು. ಎಲ್ಲ ಚುಕ್ಕೆಗಳೂ ಸಾಸಿವೆ ಕಾಳಿನಷ್ಟು ಹಗುರವಾಗಿದ್ದವು. ಹತ್ತು ಮತ್ತು ತೊಂಬತ್ತಮೂರು, ಈ ಎರಡರ ಕೆಳಗೆ ಮಾತ್ರ ಕಡ್ಡಿ ಎಷ್ಟು ಒತ್ತಿತ್ತೆಂದರೆ ಕಾಗದ ತೂತಾಗಿತ್ತು. ಗಾಜಿಗೆ ಹಿಡಿದಾಗ ಆ ಎರಡು ತೂತುಗಳಿಂದ ಬೆಳಕು ಸೂಜಿಯಂತೆ ಬಂದು ನನ್ನ ಅಂಗೈ ಮೇಲೆ ಬಿತ್ತು.

ಹಾಳೆಯನ್ನು ಕೆಳಗಿಳಿಸಿದೆ.

“ಹಿರಿಯರೇ, ಅನಿಲ ಇಲಾಖೆಯ ಕೊಳವೆ ನಕ್ಷೆಗಳು ಎಲ್ಲಿರ್ತವೆ? ನಾನು ಗುರುತು ಹಾಕಿದ ಪ್ರತಿ?”

“ಅವು ಆಚೆ ಕೋಣೆ. ಬಡಾವಣೆ ಹಾಳೆ ಈ ಕಪಾಟಿಗೆ, ಕೊಳವೆ ನಕ್ಷೆ ಆ ಕಪಾಟಿಗೆ. ಒಂದು ಸಲ ಬೇರೆಯಾದ ಮೇಲೆ ಅವೆರಡೂ ಮುಖ ನೋಡಿಕೊಂಡದ್ದೇ ಇಲ್ಲ, ಜಗಳ ಆಡಿದ ವಾರಗಿತ್ತಿಯರ ಹಾಗೆ.”

“ಇವತ್ತು ನೋಡಿಕೊಳ್ಳಲಿ. ತೆಗೆದುಕೊಡಿ.”

*

ನಮ್ಮ ಕೆಲಸದ ರೀತಿಯನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಇಬ್ಬರು ಹೆಂಗಸರು ಮೇಜಿನ ಎರಡು ಕಡೆ ಕೂರುತ್ತೇವೆ. ನಡುವೆ ಒಂದು ರಟ್ಟಿನ ಮರೆ. ಒಬ್ಬಳ ಮುಂದೆ ಬಡಾವಣೆಯ ಹಾಳೆ, ಇನ್ನೊಬ್ಬಳ ಮುಂದೆ ಕೊಳವೆಯ ನಕ್ಷೆ. ಮೊದಲನೆಯವಳು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ಎರಡನೆಯವಳು ಕೇಳಿಸಿಕೊಂಡದ್ದನ್ನು ನಕ್ಷೆಯ ಅಂಚಿನಲ್ಲಿ ಬರೆದು, ಹೊಂದಿದರೆ ಟಿಕ್ ಹಾಕುತ್ತಾಳೆ. ಅವಳು ಹಾಳೆಯನ್ನು ನೋಡಬಾರದು. ಒಬ್ಬಳ ಕಣ್ಣು ಇನ್ನೊಬ್ಬಳ ಕಣ್ಣನ್ನು ಎಳೆದುಕೊಂಡು ಹೋಗಬಾರದೆಂದು ಯಾವುದೋ ಕಾಲದಲ್ಲಿ ಯಾರೋ ಮಾಡಿದ ಏರ್ಪಾಡು.

ಹತ್ತೊಂಬತ್ತು ವರ್ಷದಿಂದ ಓದುವವಳು ಅವಳು. ಅವಳ ದನಿ ಸ್ವಚ್ಛ, ಒಂದು ಅಕ್ಷರವೂ ಜಾರುವುದಿಲ್ಲ. ಅದಕ್ಕೇ ಆಫೀಸಿನವರೆಲ್ಲ ಅವಳನ್ನು ರೇಡಿಯೋ ಅನ್ನುತ್ತಾರೆ. ನನ್ನನ್ನು ಟಿಕ್ಕಮ್ಮ ಅನ್ನುತ್ತಾರೆ. ರೇಡಿಯೋ ಓದಿ ಮುಗಿಸಿ, ಹಾಳೆಯನ್ನು ಮಡಿಸಿ, ಬಲಮೂಲೆಯನ್ನಷ್ಟೇ ಮರೆಯ ಪಕ್ಕದಿಂದ ನನ್ನ ಕಡೆ ಚಾಚುತ್ತಾಳೆ. “ಹಾಕಮ್ಮ, ನಿನ್ನ ಹಣೆಬರಹ” ಅನ್ನುತ್ತಾಳೆ. ನಾನು ಹಾಕುತ್ತೇನೆ. ಆ ಮಡಿಕೆಯನ್ನು ಬಿಚ್ಚಿ ನೋಡಬೇಕೆಂದು ಒಂದು ದಿನವೂ ನನಗೆ ಅನಿಸಿರಲಿಲ್ಲ. ಬಿಚ್ಚಿದ್ದರೆ ಅವಳು ಏನಂದುಕೊಳ್ಳುತ್ತಿದ್ದಳು?

ನನ್ನ ಕಣ್ಣಿನ ಆಪರೇಷನ್ ಆದಾಗ ಎರಡು ವಾರ ಅವಳು ದಿನಾ ಸಂಜೆ ಬಂದು ಪತ್ರಿಕೆ ಓದುತ್ತಿದ್ದಳು. ಕಟ್ಟು ಬಿಚ್ಚಿದ ಮೇಲೆ ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದೆ. ಅಪಘಾತ, ಸಾವು, ಬೆಂಕಿ ಇದ್ದ ಸುದ್ದಿಗಳನ್ನೆಲ್ಲ ಅವಳು ಹಾರಿಸಿಬಿಟ್ಟಿದ್ದಳು. ಹಾರಿಸಿದ್ದು ನನಗೆ ಗೊತ್ತೇ ಆಗಿರಲಿಲ್ಲ, ದನಿ ಅಷ್ಟು ಸರಾಗವಾಗಿ ಮುಂದಕ್ಕೆ ಹೋಗಿತ್ತು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇತ್ತೇನೋ.

ಹಿರಿಯರು ಕೊಳವೆ ನಕ್ಷೆಯನ್ನು ತಂದು ಹಾಳೆಯ ಪಕ್ಕದಲ್ಲಿ ಹಾಸಿದರು. ಅಂಚಿನಲ್ಲಿ ನನ್ನ ಅಕ್ಷರ, ಮೇಲಿನಿಂದ ಕೆಳಕ್ಕೆ ಇಪ್ಪತ್ತೇಳು ಅಂಕಿಗಳು. ಒಂದೊಂದನ್ನೇ ಬೆರಳಿಟ್ಟು ಹೋಲಿಸಿದೆ. ಇಪ್ಪತ್ತೈದು ಅಂಕಿ ಅವಳಿಜವಳಿಯ ಹಾಗೆ ಹೊಂದಿದವು.

ಹಾಳೆಯಲ್ಲಿ ೧೦ ಇದ್ದಲ್ಲಿ ನಾನು ೧೫ ಎಂದು ಬರೆದಿದ್ದೆ. ಹಾಳೆಯಲ್ಲಿ ೯೩ ಇದ್ದಲ್ಲಿ ೮೧ ಎಂದು ಬರೆದಿದ್ದೆ.

ಕಾಗದಕ್ಕೆ ಯಾರೂ ಕೈ ಹಾಕಿರಲಿಲ್ಲ. ಕೈ ಹಾಕಿದ್ದು ನನ್ನ ಕಿವಿಗೆ.

“ಏನಮ್ಮಾ, ಮುಖ ಬಿಳುಚಿಕೊಂಡಿತಲ್ಲ? ನೀರು ಕೊಡ್ಲಾ?”

“ಬೇಡ. ಇವೆರಡನ್ನೂ ನಾನು ತಗೊಂಡು ಹೋಗ್ತೀನಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ.”

ಅವರು ಪುಸ್ತಕ ಚಾಚಿದರು. ನಾನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ, ಆಮೇಲೆ ಸಹಿ ಹಾಕಿದೆ.

*

ರೇಡಿಯೋ ಕಿಟಕಿಯ ಪಕ್ಕದ ತನ್ನ ಮೇಜಿನಲ್ಲಿ ಕೂತು ಸೀಸದ ಕಡ್ಡಿ ಹೆರೆಯುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಾಗಿಲು ದೂಡಿ ಒಳಗೆ ಬಂದೆ.

“ಬಂದ್ಯಾ? ಬೆಳಿಗ್ಗೆಯಿಂದ ಒಂದು ತೊಟ್ಟು ನೀರಾದ್ರೂ ಕುಡಿದ್ಯೋ ಇಲ್ವೋ? ನಿನ್ನ ಮುಖ ನೋಡು, ಒಣಗಿದ ಬದನೆಕಾಯಿ ಹಾಗಾಗಿದೆ.”

ಎರಡೂ ಕಾಗದಗಳನ್ನು ಅವಳ ಮುಂದೆ ಅಕ್ಕಪಕ್ಕ ಹಾಸಿದೆ. ಅವಳ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ನೋಡುತ್ತಿದ್ದೆ.

ಹುಡುಕಲಿಲ್ಲ ಅವಳು. ಇಪ್ಪತ್ತೇಳು ಅಂಕಿಗಳಲ್ಲಿ ಅವಳ ಕಣ್ಣು ನೇರ ಆ ಎರಡಕ್ಕೇ ಹೋಗಿ ಕೂತಿತು. ಆಮೇಲೆ ಕಡ್ಡಿ ಹೆರೆಯುವುದು ಮುಂದುವರಿಯಿತು.

“ನೀನು ಹದಿನೈದು ಅಂತ ಓದಿದೆ,” ಎಂದೆ.

“ಹತ್ತು ಅಂತ ಓದಿದೆ.”

“ಸುಳ್ಳು ಹೇಳ್ಬೇಡ ಕಣೇ.”

“ಸುಳ್ಳಲ್ಲ. ನಿನ್ನ ಮುಂದಿದ್ದ ನಕ್ಷೆಯಲ್ಲಿ ಏನು ಅಚ್ಚಾಗಿತ್ತು? ಹದಿನೈದು. ನೀನು ಅದನ್ನೇ ನೋಡ್ತಾ ಕೂತಿದ್ದೆ. ನಾನು ಹತ್ತು ಅಂದೆ, ನಿಂಗೆ ಕಣ್ಣಿಗೆ ಕಂಡಿದ್ದೇ ಕಿವಿಗೂ ಕೇಳಿಸ್ತು.” ಅವಳು ತಲೆ ಎತ್ತಿದಳು. ದನಿಯಲ್ಲಿ ಕನಿಕರವಿತ್ತು. “ವಯಸ್ಸಾಯ್ತು ನಮಗೆ. ಹೋದ ವಾರ ಗಣಕದ ಕೋಣೆ ಬೀಗ ಹಾಕ್ದೇನೇ ಹೋಗಿದ್ದೆ ನೀನು. ಯಾರಿಗೂ ಹೇಳ್ಲಿಲ್ಲ ನಾನು. ನಿಂಗೆ ಬೇಜಾರಾಗುತ್ತೆ ಅಂತ.”

ಒಂದು ಗಳಿಗೆ ನಾನು ಹಳ್ಳಕ್ಕೆ ಬಿದ್ದೆ. ಇದ್ದರೂ ಇರಬಹುದಲ್ಲ? ಬೀಗ ಹಾಕದೆ ಹೋದದ್ದು ನಿಜ. ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಹೋದದ್ದೂ ನಿಜ. ನಡುವಯಸ್ಸಿನ ಹೆಂಗಸಿಗೆ ನೀನು ಮರೆತೆ ಎಂದು ಯಾರಾದರೂ ಹೇಳಿದರೆ ಸಾಕು, ಅವಳೇ ತನ್ನ ವಿರುದ್ಧ ಹತ್ತು ಸಾಕ್ಷಿ ಹುಡುಕಿಕೊಡುತ್ತಾಳೆ. ಅದು ರೇಡಿಯೋಗೂ ಗೊತ್ತಿತ್ತು, ಅವಳೂ ನನ್ನ ವಯಸ್ಸಿನವಳೇ.

ಆಮೇಲೆ ನನ್ನ ಕಣ್ಣು ಕೆಳಗಿನ ಅಂಕಿಯ ಮೇಲೆ ಬಿತ್ತು.

“ಸರಿ,” ಎಂದೆ. “ಹದಿನೈದು ನಕ್ಷೆಯಲ್ಲಿತ್ತು. ನೋಡಿದ್ದನ್ನೇ ಕೇಳಿಸಿಕೊಂಡೆ ಅಂತಾನೇ ಇಟ್ಕೋ. ಎಂಬತ್ತೊಂದು ಎಲ್ಲಿತ್ತು?”

ಕಡ್ಡಿ ನಿಂತಿತು.

“ಇದು ಕೊಳವೆ ನಕ್ಷೆ. ಇದರಲ್ಲಿ ಮನೆಗಳ ಲೆಕ್ಕವೇ ಇಲ್ಲ. ಮಿತಿ ನನ್ನ ತಲೆಯಲ್ಲಿತ್ತು, ಅದು ಎಂಬತ್ತನಾಲ್ಕು. ಹಾಳೆಯಲ್ಲಿ ತೊಂಬತ್ತಮೂರು. ಎಂಬತ್ತೊಂದು ಅನ್ನೋ ಅಂಕಿ ಆ ಕೋಣೆಯಲ್ಲಿ ಯಾವ ಕಾಗದದ ಮೇಲೂ ಇರಲಿಲ್ಲ. ನಾನು ಗುಣಿಸಿದರೂ ಬರಲ್ಲ, ಭಾಗಿಸಿದರೂ ಬರಲ್ಲ. ಅದು ನನ್ನ ಅಂಚಿಗೆ ಬಂದಿದ್ದು ಒಂದೇ ದಾರಿಯಿಂದ. ನಿನ್ನ ಬಾಯಿಂದ.”

ಹೊರಗೆ ಯಾರೋ ಕುರ್ಚಿ ಎಳೆದ ಸದ್ದಾಯಿತು. ರೇಡಿಯೋ ಕಡ್ಡಿಯನ್ನು ಮೇಜಿನ ಮೇಲಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಮಾತು ತಡೆದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಎಂಬತ್ತನಾಲ್ಕು ಅಂತ ಓದಿದ್ರೆ ನಿಂಗೆ ಅನುಮಾನ ಬರ್ತಿತ್ತು,” ಎಂದಳು ಕೊನೆಗೆ, ತುಂಬ ಮೆತ್ತಗೆ. “ಸರಿಯಾಗಿ ಮಿತಿಗೆ ಬಂದು ನಿಲ್ಲೋ ಲೆಕ್ಕ ನಿಂಗಾಗಲ್ಲ. ಅಂಥದ್ದು ಬಂದಾಗೆಲ್ಲ ‘ಇನ್ನೊಂದ್ಸಲ ಓದು’ ಅಂತೀಯ. ಅದಕ್ಕೇ ಮೂರು ಕಮ್ಮಿ ಮಾಡ್ದೆ. ನೀನು ‘ಪಾಪ, ಒಳ್ಳೆ ಜನ’ ಅಂದೆ. ನೆನಪಿದ್ಯಾ?”

ನೆನಪಿತ್ತು. ಅಂದೇ ಇದ್ದೆ.

ಅವಳು ಸುಳ್ಳು ಹೇಳಿದ್ದಕ್ಕೆ ಅಷ್ಟು ನೋಯಲಿಲ್ಲ. ಆ ಸುಳ್ಳನ್ನು ನನ್ನ ಅಳತೆ ತೆಗೆದು ಹೊಲಿದಿದ್ದಳು. ದರ್ಜಿಯವಳು ಮೈಯ ಪ್ರತಿ ತಿರುವನ್ನೂ ಬಲ್ಲಂತೆ, ನಾನು ಎಲ್ಲಿ ಅನುಮಾನಿಸುತ್ತೇನೆ, ಎಲ್ಲಿ ಸಡಿಲವಾಗುತ್ತೇನೆ ಎಂಬುದನ್ನೆಲ್ಲ ಬಲ್ಲವಳು. ಅಷ್ಟು ಚೆನ್ನಾಗಿ ನನ್ನನ್ನು ನನ್ನ ತಾಯಿಯೂ ತಿಳಿದುಕೊಂಡಿರಲಿಲ್ಲ. ಯಾರಾದರೂ ನನ್ನನ್ನು ಹೀಗೆ ತಿಳಿದುಕೊಳ್ಳಲಿ ಎಂದು ನಾನು ವರ್ಷಗಟ್ಟಲೆ ಆಸೆಪಟ್ಟದ್ದೂ ಉಂಟು.

“ಯಾರು ಹೇಳಿದ್ರು ನಿಂಗೆ ಹೀಗೆ ಓದು ಅಂತ?”

“ಕೇಳ್ಬೇಡ.”

“ಮೈಯೆಲ್ಲ ಸುಟ್ಟುಕೊಂಡು ಮಲಗಿದ್ದಾನೆ ಒಬ್ಬ. ನಾನು ಕೇಳ್ಲೇಬೇಕು.”

“ಗೊತ್ತು.” ಅವಳ ಕಣ್ಣು ತುಂಬಿತು. “ಆ ಎರಡು ಅಂಕಿ ಓದೋವಾಗ ನನ್ನ ಕೈ ಹೇಗೆ ನಡುಗ್ತಿತ್ತು ಗೊತ್ತಾ? ದನಿ ಒಂದನ್ನ ಹಿಡಿದಿಟ್ಕೊಂಡೆ, ಕೈ ಹಿಡಿಯಕ್ಕಾಗ್ಲಿಲ್ಲ.”

ಗೊತ್ತಿತ್ತು. ಆ ಎರಡು ತೂತುಗಳನ್ನು ನಾನು ನೋಡಿದ್ದೆ.

“ನಡಿ,” ಎಂದೆ. “ನಾಲ್ಕು ಗಂಟೆ ಒಳಗೆ ಹೇಳಿಬಿಡು. ನಿನ್ನ ಮೇಲೆ ಗೂಬೆ ಕೂರಿಸೋಕೆ ನಂಗೆ ಆಸೆ ಇಲ್ಲ. ಯಾರು ಹೇಳಿ ಮಾಡಿಸಿದ್ರೋ ಅವರ ಹೆಸರು ಹೇಳು. ನಾನು ಪಕ್ಕದಲ್ಲೇ ಇರ್ತೀನಿ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೀಸದ ಕಡ್ಡಿಯ ಹೊಟ್ಟನ್ನು ಅಂಗೈಯಿಂದ ಗುಡಿಸಿ ಬುಟ್ಟಿಗೆ ಹಾಕಿದಳು. ಕೈಚೀಲ ಎತ್ತಿಕೊಂಡಳು. “ಒಳಗೇ ಹೇಳ್ತೀನಿ. ಎರಡು ಸಲ ಹೇಳೋ ಶಕ್ತಿ ನಂಗಿಲ್ಲ,” ಎಂದು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ. ಇಷ್ಟಾದ ಮೇಲೂ ನನಗೆ ಅವಳ ಮೇಲೆ ಕರುಣೆಯೇ ಬಂತು. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

*

ವಿಚಾರಣೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಯಂತ್ರ ನಡೆಸುವವನ ಹೆಂಡತಿ ಕೂತಿದ್ದಳು. ಮೂರು ವಾರದಿಂದ ಆಸ್ಪತ್ರೆಗೂ ಇಲ್ಲಿಗೂ ಓಡಾಡುತ್ತಿದ್ದಾಳೆ. ಮಡಿಲಲ್ಲಿ ಗಂಡನ ಔಷಧಿ ಚೀಟಿಗಳ ಪ್ಲಾಸ್ಟಿಕ್ ಚೀಲ.

“ಅಕ್ಕಾ, ನೀವು ಈ ಆಫೀಸಿನವರಾ?”

“ಹೌದಮ್ಮ.”

“ಅಲ್ಲಿ ಕೊಳವೆ ಇಲ್ಲ, ತೋಡು ಅಂತ ಕಾಗದ ಕೊಟ್ಟಿದ್ರಂತೆ. ಇವರು ಕೇಳ್ತಾನೇ ಇದ್ದಾರೆ, ಆ ಕಾಗದಕ್ಕೆ ಯಾರು ಸಹಿ ಹಾಕಿದ್ರು ಅಂತ. ನಿಮಗೇನಾದ್ರೂ ಗೊತ್ತಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ರೇಡಿಯೋ ಹೇಳಿದಳು, “ಇವತ್ತು ಗೊತ್ತಾಗುತ್ತಮ್ಮ. ಸ್ವಲ್ಪ ಹೊತ್ತು ಕೂತಿರು.” ಎಷ್ಟು ಹಿತವಾದ ದನಿ ಅದು. ಆ ಹೆಂಗಸು ನಂಬಿ ತಲೆಯಾಡಿಸಿದಳು.

ವಿಚಾರಣಾಧಿಕಾರಿ ಕಡ್ಡಿಯಂತಹ ಮನುಷ್ಯ. ಬೇರೆ ಊರಿನ ಕಚೇರಿಯಿಂದ ಬಂದವರು, ಮಾತಿಗೊಂದು ಸಲ ಕನ್ನಡಕ ತೆಗೆದು ಒರೆಸುವವರು. ನಾನು ಎರಡೂ ಕಾಗದಗಳನ್ನು ಅವರ ಮುಂದೆ ಬಿಡಿಸಿಟ್ಟೆ. ಓದುವ ರೀತಿ, ಟಿಕ್ ಹಾಕುವ ರೀತಿ, ಮಡಿಸಿದ ಮೂಲೆ, ಹದಿನೈದು, ಎಂಬತ್ತೊಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಬೆರಳಿಟ್ಟು ಇಪ್ಪತ್ತೇಳು ಅಂಕಿಗಳನ್ನೂ ತಾವೇ ಹೋಲಿಸಿದರು. ಆ ಕೋಣೆಗೆ ಬಂದಾಗಿನಿಂದ ಮೊದಲ ಸಲ ನನ್ನನ್ನು ಮನುಷ್ಯಳೆಂಬಂತೆ ನೋಡಿದರು.

“ಅಂದ್ರೆ ಹಾಳೆಯಲ್ಲಿಲ್ಲದ ಅಂಕಿಯನ್ನ ಓದಿ ಹೇಳಿದ್ದಾರೆ.”

“ಹೌದು ಸರ್.”

“ಅಂಚಿನಲ್ಲಿರೋ ಅಕ್ಷರ ನಿಮ್ಮದು. ಅದರಲ್ಲಿ ಸಂಶಯ ಇಲ್ಲ?”

“ಇಲ್ಲ ಸರ್. ಪ್ರತಿ ಅಂಕಿಯೂ ನಂದೇ.”

ಅವರು ರೇಡಿಯೋ ಕಡೆ ತಿರುಗಿದರು. “ನೀವು ಏನು ಹೇಳ್ತೀರಿ? ಹೀಗೆ ಓದಿದ್ದು ನಿಜವಾ?”

“ನಿಜ ಸರ್.” ಅವಳು ಎದ್ದು ನಿಂತಳು. ಬೆನ್ನು ನೆಟ್ಟಗಿತ್ತು. “ಹಾಳೆಯಲ್ಲಿ ಹತ್ತು ಇತ್ತು, ತೊಂಬತ್ತಮೂರು ಇತ್ತು. ನಾನು ಹದಿನೈದು ಅಂದೆ, ಎಂಬತ್ತೊಂದು ಅಂದೆ. ತಪ್ಪು ಮಾಡಿದ್ದೀನಿ.”

ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದಂತಾಯಿತು. ಬಾಗಿಲಾಚೆ ಬೆಂಚಿನ ಮೇಲಿದ್ದ ಆ ಹೆಂಗಸು ನೆನಪಾದಳು.

“ಯಾರ ಮಾತು ಕೇಳಿ ಓದಿದ್ರಿ?”

ರೇಡಿಯೋ ನನ್ನ ಕಡೆ ನೋಡಲಿಲ್ಲ.

“ಇವರ ಮಾತು ಕೇಳಿ ಸರ್. ಹೀಗೆ ಓದು ಅಂತ ಹಿಂದಿನ ದಿನವೇ ಬರೆದುಕೊಟ್ಟಿದ್ರು. ಯಾವತ್ತಾದ್ರೂ ಬೇಕಾಗಬಹುದು ಅಂತ ಇಟ್ಕೊಂಡಿದ್ದೆ.”

ಕೈಚೀಲದ ಒಳಜೇಬಿನಿಂದ ಬೆರಳುದ್ದದ ಒಂದು ಚೀಟಿ ತೆಗೆದು, ಕೊಳವೆ ನಕ್ಷೆಯ ಅಂಚಿನ ಪಕ್ಕದಲ್ಲಿ, ನನ್ನ ಅಂಕಿಗಳಿಗೆ ಸರಿಯಾಗಿ, ಇಟ್ಟಳು.

‘ಪಟ್ಟಿ ೧೫. ಮನೆ ೮೧. ಹೀಗೆ ಓದು.’ ಕೆಳಗೆ ದಿನಾಂಕ. ಓದಿನ ಹಿಂದಿನ ದಿನದ್ದು.

ನಾನು ಬಾಗಿ ನೋಡಿದೆ. ನಕಲು ಮಾಡಿದ ಅಕ್ಷರಕ್ಕೆ ಒಂದು ಹಿಂಜರಿಕೆ ಇರುತ್ತದೆ, ಗೆರೆ ತಡೆದು ತಡೆದು ಹೋಗಿರುತ್ತದೆ. ಇಪ್ಪತ್ತೆರಡು ವರ್ಷ ಗೆರೆಗಳನ್ನೇ ನೋಡಿದ ಕಣ್ಣು ನನ್ನದು. ಈ ಚೀಟಿಯಲ್ಲಿ ಹಿಂಜರಿಕೆಯೇ ಇರಲಿಲ್ಲ. ಎಂಟರ ಬಾಲವನ್ನು ನಾನು ಮೇಲಕ್ಕೆ ಎಳೆಯುವ ರೀತಿ, ಐದರ ಹೊಟ್ಟೆಯನ್ನು ಪೂರ್ತಿ ಮುಚ್ಚದೆ ಬಿಡುವ ರೀತಿ. ನೋಡಿ ಬರೆದದ್ದಲ್ಲ ಅದು. ನನ್ನ ಕೈ ಬರೆದದ್ದು.

ಆ ದಿನ ಈ ಬಡಾವಣೆಯ ಕಡತ ನನ್ನ ಮೇಜಿಗೆ ಬಂದೇ ಇರಲಿಲ್ಲ. ಯಾವತ್ತೋ ಅವಳು ಹೇಳಿದ್ದನ್ನು, ಎಂದಿನ ಹಾಗೆ, ಏನೆಂದು ಕೇಳದೆ ಬರೆದುಕೊಟ್ಟಿದ್ದೆನೇ?

ಅಧಿಕಾರಿ ಕನ್ನಡಕ ತೆಗೆದರು, ಒರೆಸಲಿಲ್ಲ. ಚೀಟಿಯನ್ನು ನೋಡಿದರು, ಅಂಚನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು. ನನ್ನನ್ನು ಉಳಿಸಲೆಂದು ನಾನೇ ಹೊತ್ತು ತಂದ ನಕ್ಷೆ ಈಗ ಆ ಚೀಟಿಯ ಪರ ಸಾಕ್ಷಿ ನುಡಿಯುತ್ತಿತ್ತು.

“ಒಂದೇ ಪ್ರಶ್ನೆ,” ಎಂದರು. “ಇದು ನಿಮ್ಮ ಅಕ್ಷರವೇ?”

ಅಲ್ಲ ಎಂದುಬಿಡಬಹುದಿತ್ತು. ಒಂದೇ ಮಾತು. ಆದರೆ ಕಣ್ಣೆದುರಿಗಿರುವ ಅಂಕಿಯನ್ನು ಇಲ್ಲ ಎನ್ನಲು ನನಗೆ ಬರುವುದಿಲ್ಲ. ಅದು ಈ ಕೋಣೆಯಲ್ಲಿ ಒಬ್ಬಳಿಗೆ ಚೆನ್ನಾಗಿ ಗೊತ್ತಿತ್ತು.

“ಹೌದು ಸರ್,” ಎಂದೆ. “ನನ್ನದೇ.”

ಪಕ್ಕದಲ್ಲಿ ರೇಡಿಯೋ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟದ್ದು ನನಗೆ ಕೇಳಿಸಿತು.